ಬರ್ರಿ ಮನಿ ಕಡೆ

ಲಂಡನ್ನಿನ ರಕ್ತಪಿಶಾಚಿಯ ಗೋರಿ ಎಲ್ಲಿದೆ ಎಂದು ಕೇಳಿದರೆ ನೇರವಾಗಿ ಅದರ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಬಲ್ಲ ಕನ್ನಡದವರು ಈ ಊರಿನಲ್ಲಿ ಎಷ್ಟು ಜನ ಇದ್ದಾರೋ ಗೊತ್ತಿಲ್ಲ. ನಾನಂತೂ ಇದ್ದೇನೆ. ಅದೂ ಮುಂದಕ್ಕೆ ನಡೆದಲ್ಲ, ಹಿಂದಕ್ಕೆ ನಡೆಯುತ್ತ. ಧಾರವಾಡದವರಿಗೆ ಜಂಬ ಸ್ವಲ್ಪ ಹೆಚ್ಚು ಎಂದು ಮೈಸೂರಿನ ಕಡೆಯವರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಈ ಒಂದು ಜಂಬವನ್ನು ನಾನು ಮಂಡಿ ಸವೆಸಿ ಸಂಪಾದಿಸಿದ್ದೇನೆ.

ಆ ಸ್ಮಶಾನದ ಹೆಸರು ಬರೆಯುವುದಿಲ್ಲ. ಬರೆದರೆ ಮತ್ತೆ ಯಾರಾದರೂ ಗೋಡೆ ಹಾರಿಯಾರು. ಉತ್ತರ ಲಂಡನ್ನಿನಲ್ಲಿ ಒಂದು ಗುಡ್ಡ, ಅದರ ಇಳಿಜಾರಿನಲ್ಲಿ ಕಾಡು ಬೆಳೆದ ಹಳೆಯ ಸ್ಮಶಾನ, ರೆಕ್ಕೆಯ ಮೇಲೆ ಪಾಚಿ ಹತ್ತಿದ ಕಲ್ಲಿನ ದೇವದೂತರು. ಗೊತ್ತಿದ್ದವರಿಗೆ ಇಷ್ಟು ಸಾಕು. ನಮ್ಮ ಮನೆ ಇರುವುದು ಲಂಡನ್ನಿನ ಇನ್ನೊಂದು ಮೂಲೆಯ ಫೆಲ್ಥಮ್‌ನಲ್ಲಿ. ರೈಲಿನಲ್ಲಿ ವಾಟರ್ಲೂ, ಅಲ್ಲಿಂದ ನೆಲದಡಿಯ ಟ್ಯೂಬ್ ರೈಲು, ಆಮೇಲೆ ಗುಡ್ಡ ಹತ್ತುವುದು. ಹೋಗಲು ಒಂದೂವರೆ ಗಂಟೆ ಬೇಕು, ಬರಲು ಇನ್ನೂ ಸ್ವಲ್ಪ ಹೆಚ್ಚು, ಯಾಕೆಂದರೆ ಬರುವಾಗ ಮಂಡಿ ಮಾತು ಕೇಳುವುದಿಲ್ಲ.

ಮಂಡಿ ಹಾಳಾದದ್ದು ವಿಮಾನ ನಿಲ್ದಾಣದಲ್ಲಿ. ಅಲ್ಲಿ ಇಪ್ಪತ್ತೊಂದು ವರ್ಷ ಗಾಲಿಕುರ್ಚಿ ತಳ್ಳಿದೆ. ನಡೆಯಲಾಗದ ಪ್ರಯಾಣಿಕರನ್ನು ವಿಮಾನದ ಬಾಗಿಲಿನಿಂದ ಹೊರಬಾಗಿಲಿನವರೆಗೆ ಮುಟ್ಟಿಸುವ ಕೆಲಸ. ಆ ಉದ್ದನೆಯ ಓಣಿಗಳಲ್ಲಿ ಸುಮ್ಮನೆ ತಳ್ಳಿದರೆ ಕುರ್ಚಿಯಲ್ಲಿದ್ದವರಿಗೂ ಬೇಸರ, ನನಗೂ ಬೇಸರ. ಅದಕ್ಕೆ ಮಾತಾಡುತ್ತಿದ್ದೆ. ಎಡಕ್ಕೆ ಕಾಣುವುದು ಏನು, ಬಲಕ್ಕೆ ಕಾಣುವುದು ಏನು, ಹೊರಗೆ ಮಳೆ ಯಾಕೆ ಹೀಗೆ ಅಡ್ಡ ಬೀಳುತ್ತದೆ. ಎಷ್ಟೋ ದೇಶಗಳ ಅಜ್ಜ ಅಜ್ಜಿಯರು ನನ್ನ ಮಾತು ಕೇಳಿ ನಕ್ಕಿದ್ದಾರೆ. ಆದರೆ ಅವರು ನಕ್ಕದ್ದು ನನಗೆ ಕಂಡದ್ದು ಕಡಿಮೆ. ನಾನು ನೋಡಿದ್ದು ಅವರ ತಲೆಯ ಹಿಂಭಾಗವನ್ನು.

ಕೊನೆಗೆ ನಮ್ಮ ಡಾಕ್ಟರ್ ಹೇಳಿದ, ಕುರ್ಚಿ ತಳ್ಳುವುದು ಸಾಕು, ಆದರೆ ಮನೆಯಲ್ಲಿ ಕುಳಿತರೆ ತುಕ್ಕು ಹಿಡಿಯುತ್ತೀರಿ, ದಿನಾ ನಡೆಯಿರಿ ಎಂದು. ಕೆಲಸ ಬಿಟ್ಟೆ. ಲೈಬ್ರರಿಯ ಗೋಡೆಯ ಮೇಲೆ ಒಂದು ಚೀಟಿ ಕಂಡಿತು. ಹಳೆಯ ಸ್ಮಶಾನವೊಂದರಲ್ಲಿ ಗೋರಿಗಳ ಮೇಲೆ ಹಬ್ಬಿದ ಐವಿ ಬಳ್ಳಿ ಕೀಳಲು ಸ್ವಯಂಸೇವಕರು ಬೇಕಾಗಿದ್ದಾರೆ, ಮಂಗಳವಾರ ಬನ್ನಿ. ಬನ್ನಿ ಎಂದಮೇಲೆ ಹೋಗದಿರುವುದು ಹೇಗೆ? ಹೋದೆ.

ನನ್ನ ಯಜಮಾನರು ಆಗ ಇನ್ನೂ ವಿಮಾನ ನಿಲ್ದಾಣದ ಸರಕಿನ ಗೋದಾಮಿನಲ್ಲಿ ಕೆಲಸದಲ್ಲಿದ್ದರು. ಮೊದಲ ಮಂಗಳವಾರ ನಾನು ಮಣ್ಣು ಮೆತ್ತಿದ ಬೂಟಿನಲ್ಲಿ ಮನೆಗೆ ಬಂದಾಗ ಬಾಗಿಲಿಗೆ ಅಡ್ಡ ನಿಂತರು.

"ಮಣ್ಣಿಗೆ ಹೋಗಿ ಬಂದಾಕಿ ನೀನು. ಜಳಕಾ ಮಾಡಿ ಒಳಗ ಬಾ."

ನಮ್ಮ ಕಡೆ ಮಣ್ಣಿಗೆ ಹೋಗುವುದೆಂದರೆ ಹೂಳುವುದಕ್ಕೆ ಹೋಗುವುದು. ಬಂದಮೇಲೆ ಮೈ ತೊಳೆದುಕೊಳ್ಳದೆ ಹೊಸ್ತಿಲು ದಾಟಬಾರದು.

"ಬಚ್ಚಲಾ ಮ್ಯಾಲ ಐತ್ರಿ. ಒಳಗ ಬರದ ಜಳಕಾ ಹೆಂಗ ಮಾಡ್ಲಿ?" ಎಂದೆ.

ಸ್ವಲ್ಪ ಹೊತ್ತು ವಿಚಾರ ಮಾಡಿದರು. ಆಮೇಲೆ ತಂಬಿಗೆಯಲ್ಲಿ ನೀರು ತಂದು ಮೆಟ್ಟಿಲ ಮೇಲೆ ನನ್ನ ಕಾಲಿಗೆ ಹಾಕಿದರು. ನವೆಂಬರಿನ ಚಳಿ. ಪಕ್ಕದ ಮನೆಯವಳು ಕಿಟಕಿಯಿಂದ ನೋಡುತ್ತಿದ್ದಳು. ಅಂದಿನಿಂದ ಪ್ರತಿ ಮಂಗಳವಾರ ಆ ತಂಬಿಗೆ ಬಾಗಿಲ ಹತ್ತಿರ ತಯಾರಿರುತ್ತಿತ್ತು, ನೀರು ಮಾತ್ರ ಬಿಸಿ ಮಾಡಿಸಿಕೊಂಡೆ.

ಸ್ಮಶಾನ ನನಗೆ ಹೆದರಿಕೆಯ ಜಾಗ ಅಲ್ಲ. ನಮ್ಮದು ಹೂಳುವ ಮನೆತನ. ನಮ್ಮಲ್ಲಿ ತೀರಿಕೊಂಡವರನ್ನು ಕೂರಿಸಿ ಹೂಳುತ್ತಾರೆ, ಕೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ, ಬಿಲ್ವಪತ್ರೆ. ಇಂಗ್ಲಿಷರು ಮಲಗಿಸಿ ಹೂಳುತ್ತಾರೆ ಎನ್ನುವುದು ಮೊದಲೇ ಗೊತ್ತಿತ್ತು, ಆದರೆ ರಕ್ತಪಿಶಾಚಿಯ ಸುದ್ದಿ ಕೇಳಿದಮೇಲೆ ನಮ್ಮ ಯಜಮಾನರು ಅದಕ್ಕೊಂದು ಸಿದ್ಧಾಂತ ಕಟ್ಟಿದರು.

"ನಮ್ಮವರನ್ನ ಕುಂದರಿಸಿ ಹುಗೀತಾರ. ಕುಂತಾವ ಕುಂತಲ್ಲೇ ಇರ್ತಾನ. ಇವರನ್ನ ಮಲಗಿಸಿ ಹುಗೀತಾರ. ಮಲಗಿದಾವ ಎಂದರ ಒಂದಿನ ಏಳಬೇಕಲ್ಲ?"

ಈ ಮಾತನ್ನು ಅವರು ಎಲ್ಲರೆದುರು ಹೇಳುತ್ತಾರೆ.

ರಕ್ತಪಿಶಾಚಿಯ ಸುದ್ದಿ ಹೀಗಿದೆ. ಹಲವು ದಶಕಗಳ ಹಿಂದೆ, ಆ ಸ್ಮಶಾನವನ್ನು ಕೇಳುವವರೇ ಇಲ್ಲದ ಕಾಲದಲ್ಲಿ, ಗೇಟಿನ ಸರಳುಗಳ ಹಿಂದೆ ಎತ್ತರದ ಒಂದು ಕಪ್ಪು ಆಕಾರ ನಿಂತದ್ದನ್ನು ಯಾರೋ ಕಂಡರಂತೆ. ಇನ್ನೊಬ್ಬರು ತಾವೂ ಕಂಡೆವೆಂದರು. ಪತ್ರಿಕೆಯವರು ಬಿಡುತ್ತಾರೆಯೇ? ಹಿಂದೊಂದು ಕಾಲದಲ್ಲಿ ಪೂರ್ವ ಯುರೋಪಿನ ಶ್ರೀಮಂತನೊಬ್ಬನನ್ನು ಶವಪೆಟ್ಟಿಗೆಯಲ್ಲಿ ಇಲ್ಲಿಗೆ ತಂದು ಹೂತಿದ್ದಾರೆ, ಅವನೇ ಈಗ ಎದ್ದಿದ್ದಾನೆ ಎನ್ನುವ ಕತೆ ಹುಟ್ಟಿತು. ಅವನನ್ನು ಕೊಲ್ಲುವವನು ನಾನೇ ಎಂದು ಒಬ್ಬ ಹೊರಟ. ನೀನಲ್ಲ ನಾನು ಎಂದು ಇನ್ನೊಬ್ಬ ಹೊರಟ. ಒಂದು ಸಂಜೆ ಊರಿಗೆ ಊರೇ ಬಂದು ಗೋಡೆ ಹಾರಿತು. ಕೈಯಲ್ಲಿ ಬೆಳ್ಳುಳ್ಳಿ, ಶಿಲುಬೆ, ಚೂಪು ಮಾಡಿದ ಗೂಟ. ಪಿಶಾಚಿ ಸಿಗಲಿಲ್ಲ. ಸಿಕ್ಕಿದ್ದು ಪಾಪದ ಸತ್ತವರು. ಬಾಗಿಲು ಒಡೆದರು, ಪೆಟ್ಟಿಗೆ ತೆಗೆದರು, ಇನ್ನು ಮುಂದಿನದು ಬರೆಯಲು ನನಗೆ ಮನಸ್ಸಿಲ್ಲ.

ಹಾಗೆ ಬಾಗಿಲು ಒಡೆಸಿಕೊಂಡ ಗೋರಿಗಳಲ್ಲಿ ಒಂದು ನನ್ನ ಪಾಲಿಗೆ ಬಂತು. ಇಳಿಜಾರಿನಲ್ಲಿ ಅರ್ಧ ಹೂತ ಕಲ್ಲಿನ ಕೋಣೆ. ಕಬ್ಬಿಣದ ಬಾಗಿಲಿದ್ದ ಜಾಗಕ್ಕೆ ಇಟ್ಟಿಗೆ ಕಟ್ಟಿ ಮುಚ್ಚಿದ್ದಾರೆ. ಪಿಶಾಚಿ ಇದ್ದದ್ದು ಇಲ್ಲೇ ಎಂದು ಇಂಟರ್ನೆಟ್ಟಿನಲ್ಲಿ ಯಾರೋ ಬರೆದು ಬರೆದು ಅದೇ ನಿಜವಾಗಿಬಿಟ್ಟಿದೆ. ಮೂರು ಚಳಿಗಾಲ ಆ ಗೋರಿಯ ಮೇಲಿನ ಬಳ್ಳಿ ಕಿತ್ತೆ, ಎಲೆ ಗುಡಿಸಿದೆ, ಕಲ್ಲನ್ನು ಮೆತ್ತಗಿನ ಬ್ರಷ್ಷಿನಲ್ಲಿ ತಿಕ್ಕಿದೆ. ಅಳಿಸಿಹೋದ ಅಕ್ಷರ ಏನೆಂದು ಸ್ಮಶಾನದ ಕಚೇರಿಯ ಹಳೆಯ ದಾಖಲೆ ತೆಗೆಸಿ ನೋಡಿದೆ. ಅಲ್ಲಿ ಮಲಗಿದ್ದವನು ಕೈಗವಸು ಹೊಲಿಯುತ್ತಿದ್ದವನು. ಅವನ ಜೊತೆ ಹೆಂಡತಿ, ಮತ್ತು ವರ್ಷ ತುಂಬದ ಎರಡು ಕೂಸುಗಳು.

ಕೈಗವಸು! ಜೀವನವಿಡೀ ಪರರ ಕೈ ಬೆಚ್ಚಗಿಡಲು ದುಡಿದವನ ಮನೆಗೆ ಗೂಟ ಹಿಡಿದು ನುಗ್ಗಿದ್ದರು. ಆ ದಿನ ಮನೆಗೆ ಬಂದು ಯಜಮಾನರ ಮೇಲೆ ಸುಮ್ಮಸುಮ್ಮನೆ ರೇಗಿದೆ. ಅವರು ಏನೂ ಮಾಡಿರಲಿಲ್ಲ, ಪಾಪ.

ಆವತ್ತೇ ನಿಶ್ಚಯಿಸಿದೆ, ಬಳ್ಳಿ ಕಿತ್ತರೆ ಸಾಲದು, ನಾನು ಗೈಡ್ ಆಗಬೇಕು. ಪಿಶಾಚಿ ಎಲ್ಲಿ ಎಂದು ಕೇಳಿ ಬರುವವರಿಗೆ ಕೈಗವಸಿನವನನ್ನು ತೋರಿಸಬೇಕು.

ಗೈಡ್ ಆಗುವುದು ಸುಲಭವಲ್ಲ. ಆರು ತಿಂಗಳ ತರಬೇತಿ, ಕೊನೆಗೆ ನಿಜವಾದ ಜನರ ಗುಂಪಿನೊಂದಿಗೆ ಒಂದು ಪರೀಕ್ಷೆ. ನಮಗೆ ಕಲಿಸಿದವರು ಎಪ್ಪತ್ತು ದಾಟಿದ ಇಂಗ್ಲಿಷ್ ಹೆಂಗಸು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಮ್ಮ ಕಡೆ ಶಾಲೆಯ ಟೀಚರಿಗೆ ಅಕ್ಕೋರು ಎನ್ನುತ್ತೇವೆ. ನಾನು ಮನಸ್ಸಿನಲ್ಲೇ ಅವರಿಗೆ ಅಕ್ಕೋರು ಎಂದು ಹೆಸರಿಟ್ಟೆ. ಅವರ ಇಂಗ್ಲಿಷನ್ನು ಇಲ್ಲಿ ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಸೊಟ್ಟಗಾದರೆ ತಪ್ಪು ನನ್ನದು.

ಅಕ್ಕೋರ ನಿಯಮಗಳಲ್ಲಿ ಮುಖ್ಯವಾದದ್ದು ಪಿಶಾಚಿಯ ನಿಯಮ. ಗೈಡ್ ತಾನಾಗಿ ಆ ಮಾತು ಎತ್ತಬಾರದು. ಯಾರಾದರೂ ಕೇಳಿದರೆ ಎರಡೇ ನಿಮಿಷ. ಅದು ಗಾಳಿಸುದ್ದಿ ಎಂದು ಹೇಳಿ ಮುಂದಕ್ಕೆ ನಡೆಯಬೇಕು. ನಾಟಕ ಮಾಡಬಾರದು, ಹೆದರಿಸಬಾರದು, ನಗಿಸಲೂ ಬಾರದು.

"ಜನ ಗೋಡೆ ಹಾರಿದ ಮರುದಿನ ನಾನು ಇಲ್ಲಿಗೆ ಬಂದಿದ್ದೆ. ಆಗ ನನಗೆ ಇಪ್ಪತ್ತು ವರ್ಷ. ಬಿದ್ದದ್ದನ್ನು ಎತ್ತಿಡಲು ಬಂದ ನಾಲ್ಕು ಜನರಲ್ಲಿ ನಾನೊಬ್ಬಳು. ಒಂದು ತಮಾಷೆಯ ಮಾತಿನಿಂದ ಅದು ಶುರುವಾಯಿತು. ಇನ್ನೊಂದು ತಮಾಷೆಯ ಮಾತು ಇಲ್ಲಿಂದ ಹೊರಡಬಾರದು" ಎಂದು ಅವರು ಮೊದಲ ದಿನವೇ ಹೇಳಿದರು.

ನಾವು ಏಳು ಜನ ಕಲಿಯುವವರು ತಲೆ ತಗ್ಗಿಸಿ ಬರೆದುಕೊಂಡೆವು. ಪರೀಕ್ಷೆಯಲ್ಲಿ ಈ ನಿಯಮ ತಪ್ಪಿದವರಿಗೆ ಮುಂದಿನ ವರ್ಷವೇ ಮತ್ತೆ ಅವಕಾಶ ಎಂದೂ ಹೇಳಿದರು. ನನ್ನ ಮಂಡಿ ಮುಂದಿನ ವರ್ಷದ ತನಕ ಕಾಯುವ ಭರವಸೆ ನನಗಿರಲಿಲ್ಲ.

ಇದರ ಮೇಲೆ ನಾನು ಇನ್ನೊಂದು ಎಡವಟ್ಟು ಮಾಡಿಕೊಂಡೆ. ಇಲ್ಫರ್ಡ್‌ನಲ್ಲಿ ಲಂಡನ್ನಿನ ಕನ್ನಡದವರ ಯುಗಾದಿ ಊಟವಿತ್ತು. ಹೋಳಿಗೆ ಬಡಿಸುತ್ತಿದ್ದವರು ಈಗೇನು ಮಾಡ್ತಿದೀರಿ ಎಂದು ಕೇಳಿದರು. ಗೈಡ್ ಆಗಲು ಕಲಿಯುತ್ತಿದ್ದೇನೆ ಎನ್ನಬೇಕಿತ್ತು. ಬಾಯಿಂದ ಬಂದದ್ದು ರಕ್ತಪಿಶಾಚಿಯ ಗೋರಿ ಇರುವ ಸ್ಮಶಾನಕ್ಕೆ ಗೈಡ್ ಆಗಿದ್ದೇನೆ ಎಂದು. ಪಂಕ್ತಿಯೆಲ್ಲ ನನ್ನ ಕಡೆ ತಿರುಗಿತು.

"ದೆವ್ವದ ಗೋರಿಗಾ? ನಿಮಗೆ ಹೆದರಿಕೆ ಆಗುದಿಲ್ವಾ ಮಾರಾಯ್ರೆ?" ಎಂದು ಕೇಳಿದ್ದು ಕ್ರೋಯ್ಡನ್‌ನಲ್ಲಿರುವ ನನ್ನ ಗೆಳತಿ, ಉಡುಪಿ ಕಡೆಯ ಕೊಂಕಣಿ ಕ್ರಿಶ್ಚಿಯನ್. ಮರುಕ್ಷಣ ಅವಳೇ, "ನಂಗಂತೂ ಇಲ್ಲಪ್ಪ. ನಾವು ಪ್ರತಿ ನವೆಂಬರ್‌ಗೆ ಹಿರಿಯರ ಸಮಾಧಿಗೆ ಮೇಣದಬತ್ತಿ ಹಚ್ತೇವಲ್ಲ. ನಮ್ಮನ್ನು ಯಾವಾಗ ಕರ್ಕೊಂಡು ಹೋಗ್ತೀರಿ?" ಎಂದಳು.

"ಯಾವಾಗ ಬೇಕಾದ್ರೂ ಬರ್ರಿ" ಎಂದುಬಿಟ್ಟೆ.

ಎಂಟು ಜನ ಅಲ್ಲೇ ಫೋನ್ ತೆಗೆದು ತಾರೀಕು ನೋಡಿಕೊಂಡರು. ನನ್ನ ಪರೀಕ್ಷೆಯ ಮುಂದಿನ ಭಾನುವಾರಕ್ಕೆ ನಿಶ್ಚಯವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇನ್ನು ಪಾಸಾಗದಿದ್ದರೆ ಲಂಡನ್ನಿನ ಒಂದು ಕನ್ನಡದ ಮದುವೆ, ಒಂದು ಹಬ್ಬಕ್ಕೂ ಮುಖ ತೋರಿಸುವಂತಿರಲಿಲ್ಲ.

ಮನೆಯಲ್ಲಿ ಅಭ್ಯಾಸ ಜೋರಾಯಿತು. ಗೈಡ್ ಆದವರು ಜನರ ಮುಖ ನೋಡುತ್ತ ಹಿಂದಕ್ಕೆ ನಡೆಯಬೇಕು. ಜನರ ಬೆನ್ನ ಹಿಂದೆ ನಿಂತು ಇಪ್ಪತ್ತೊಂದು ವರ್ಷ ಮಾತಾಡಿದವಳಿಗೆ ಎದುರಿಗೆ ಕಣ್ಣುಗಳಿರುವುದೇ ದೊಡ್ಡ ತೊಡಕಾಯಿತು. ಅಡುಗೆಮನೆಯಿಂದ ಹೊರಬಾಗಿಲ ತನಕ ಯಜಮಾನರನ್ನು ಎದುರಿಗೆ ನಡೆಸಿಕೊಂಡು ನಾನು ಹಿಂದಕ್ಕೆ ನಡೆಯುತ್ತಿದ್ದೆ. ಅವರು ಬೇಕೆಂದೇ ತಲೆಕೆಟ್ಟ ಪ್ರಶ್ನೆ ಕೇಳುತ್ತಿದ್ದರು. ನಾಲ್ಕು ಸಲ ಬೂಟಿನ ಸ್ಟ್ಯಾಂಡಿಗೆ ಬಡಿದು ಬಿದ್ದೆ. ಮಗಳು ಮೆಟ್ಟಿಲ ಮೇಲೆ ಕುಳಿತು ನೋಡುತ್ತಿದ್ದಳು. ಅವಳಿಗೆ ಇಪ್ಪತ್ತೆರಡು. ನಮ್ಮ ಕನ್ನಡವೆಲ್ಲ ಅವಳಿಗೆ ಅರ್ಥವಾಗುತ್ತದೆ, ಬೈಗುಳ ಸಮೇತ. ಆದರೆ ಏನು ಕೇಳಿದರೂ ಉತ್ತರ ಇಂಗ್ಲಿಷಿನಲ್ಲೇ. ಅದಕ್ಕಾಗಿ ಜಗಳ ಮಾಡುವುದನ್ನು ನಾನು ಅವಳ ಹತ್ತನೆಯ ವಯಸ್ಸಿಗೇ ಬಿಟ್ಟಿದ್ದೆ.

ಪರೀಕ್ಷೆಯ ಬೆಳಿಗ್ಗೆ ಹದವಾದ ಬಿಸಿಲಿತ್ತು. ಗೇಟಿನ ಹತ್ತಿರ ಹನ್ನೊಂದು ಜನ ಸೇರಿದ್ದರು, ಜೊತೆಗೆ ಯಜಮಾನರು ಮತ್ತು ಮಗಳು. ಅಕ್ಕೋರು ಹಲಗೆಗೆ ಸಿಕ್ಕಿಸಿದ ಕಾಗದ ಹಿಡಿದು ಗುಂಪಿನ ಕೊನೆಯಲ್ಲಿ ನಿಂತರು. ಗುಂಪಿನಲ್ಲಿ ಮಂಡಿಯ ತನಕ ಕಪ್ಪು ಕೋಟು ತೊಟ್ಟ, ಬೆರಳಿಗೆಲ್ಲ ಬೆಳ್ಳಿ ಉಂಗುರ ಹಾಕಿಕೊಂಡ ಒಬ್ಬನಿದ್ದ. ಇವನು ಕೇಳಿಯೇ ಕೇಳುತ್ತಾನೆ ಎಂದು ಅವನ ಉಂಗುರ ನೋಡಿದಾಗಲೇ ನನಗೆ ತಿಳಿಯಿತು.

ಮೊದಲ ಅರ್ಧ ಗಂಟೆ ಚೆನ್ನಾಗಿ ಹೋಯಿತು ಎಂದರೆ ಕಡಿಮೆಯಾಯಿತು. ಬಹಳ ಚೆನ್ನಾಗಿ ಹೋಯಿತು. ಕಲ್ಲಿನ ದೇವದೂತರ ಹತ್ತಿರ ಜನ ಸುಮ್ಮನಾದರು, ಮಲಗಿದ ಕಲ್ಲಿನ ನಾಯಿಯ ಹತ್ತಿರ ನಕ್ಕರು. ಇಳಿಜಾರಿನಲ್ಲಿ ಹಿಂದಕ್ಕೆ ನಡೆದೆ, ಒಂದು ಬೇರಿಗೂ ಎಡವಲಿಲ್ಲ. ಅಷ್ಟು ಮುಖಗಳು ನನ್ನನ್ನೇ ನೋಡುತ್ತಿದ್ದವು, ನಾನೂ ಅವುಗಳನ್ನು ನೋಡುತ್ತಿದ್ದೆ. ನನಗೆ ಕುಣಿಯಬೇಕು ಅನಿಸುವಷ್ಟು ಸಂತೋಷವಾಗಿತ್ತು. ಯಜಮಾನರು ಎಲ್ಲರಿಗೂ ಕೇಳುವಂತೆ, "ಎಕ್ಸಲೆಂಟ್ ಗೈಡ್" ಎಂದರು. ನಾನು ಕಣ್ಣು ಬಿಟ್ಟಮೇಲೆ ಸುಮ್ಮನಾದರು.

ಕೈಗವಸಿನವನ ಗೋರಿಗೆ ಬಂದೆವು. ದಾಖಲೆಯಲ್ಲಿ ಕಂಡದ್ದನ್ನು ಹೇಳಿದೆ. ಅವನ ಕಸುಬು, ಹೆಂಡತಿ, ಕೂಸುಗಳು. ಕಪ್ಪು ಕೋಟಿನವನು ಇಟ್ಟಿಗೆಯ ಗೋಡೆ ನೋಡಿ ಮುಂದೆ ಬಂದ.

"ಆ ಪಿಶಾಚಿಯ ಗೋರಿ ಇದೇ ಅಲ್ಲವೇ?"

ಎಲ್ಲರೂ ಹತ್ತಿರ ಸರಿದರು. ಅಕ್ಕೋರು ಗಡಿಯಾರ ನೋಡಿಕೊಂಡರು. ನನ್ನ ಎರಡು ನಿಮಿಷ ಶುರುವಾಯಿತು. ಗೇಟಿನ ಹಿಂದಿನ ಆಕಾರ, ಪತ್ರಿಕೆಗಳು, ಜಗಳವಾಡಿದ ಇಬ್ಬರು ಬೇಟೆಗಾರರು, ಗೋಡೆ ಹಾರಿದ ಜನ, ಎಲ್ಲವನ್ನೂ ಒಣ ರೊಟ್ಟಿಯಂತೆ, ಬೆಣ್ಣೆ ಸವರದೆ ಹೇಳಿದೆ. ಪೂರ್ವ ಯುರೋಪಿನ ಶ್ರೀಮಂತ ಯಾರೂ ಇಲ್ಲಿಲ್ಲ, ಅದು ಗಾಳಿಸುದ್ದಿ ಎಂದೆ.

ಅವನು ಬಿಡಲಿಲ್ಲ. "ಆದರೆ ಪಿಶಾಚಿಗೆ ಒಂದು ನಿಯಮವಿದೆ, ಗೊತ್ತೇ? ಮನೆಯವರು ಒಳಗೆ ಬಾ ಎಂದು ಕರೆಯದೆ ಅದು ಹೊಸ್ತಿಲು ದಾಟುವಂತಿಲ್ಲ."

ಇದು ನಮ್ಮ ಪುಸ್ತಕದಲ್ಲಿರಲಿಲ್ಲ. ಅಕ್ಕೋರು ಕಲಿಸಿರಲಿಲ್ಲ. ಆ ಇಟ್ಟಿಗೆಗಳ ಕಡೆ ಕೈ ತೋರಿಸಿದೆ.

"ಹಾಗಾದರೆ ಅದು ಮರ್ಯಾದೆ ಬಲ್ಲ ಪ್ರಾಣಿ. ಈ ಮನೆಯ ಬಾಗಿಲು ಒಡೆದು ಕರೆಯದೆ ಒಳಗೆ ಬಂದವರು ಮನುಷ್ಯರು" ಎಂದೆ.

ಉಂಗುರದವನು ತನ್ನ ಕೈಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡ. ಆ ಮಾತು ನನ್ನದೇ, ಯಾರಿಂದಲೂ ಎರವಲು ತಂದದ್ದಲ್ಲ. ಇಂಗ್ಲಿಷಿನಲ್ಲಿ ಅಷ್ಟು ಸರಿಯಾದ ಮಾತು ಸರಿಯಾದ ಹೊತ್ತಿಗೆ ನನ್ನ ಬಾಯಿಂದ ಮೊದಲು ಬಂದಿರಲಿಲ್ಲ. ಗೆದ್ದೆ ಅಂದುಕೊಂಡೆ. ಗೆದ್ದೆ ಅಂದುಕೊಂಡಾಗಲೇ ನನ್ನ ಬಾಯಿ ತನ್ನಷ್ಟಕ್ಕೆ ತಾನು ನಡೆಯುತ್ತದೆ.

ಮುಂದಿನ ಗೋರಿಗೆ ಹೊರಡಲು ತಿರುಗುವಾಗ, ಪ್ರತಿ ಮಂಗಳವಾರ ಕೆಲಸ ಮುಗಿಸಿ ಏಳುವಾಗ ಮಾಡುವಂತೆ, ಇಟ್ಟಿಗೆಯ ಮೇಲೆ ಅಂಗೈ ಇಟ್ಟೆ.

"ಬರ್ತೀನ್ರಿ ಹಂಗಾರ. ನೀವೂ ಬರ್ರಿ ಮನಿ ಕಡೆ" ಎಂದೆ.

ನಮ್ಮ ಧಾರವಾಡದ ಕಡೆ ಇಬ್ಬರು ಸಿಕ್ಕು ಮಾತಾಡಿ ಅಗಲುವಾಗ ಇದನ್ನು ಹೇಳದೆ ಅಗಲುವುದಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ದವಾಖಾನೆಯಲ್ಲಿ, ಬರ್ರಿ ಮನಿ ಕಡೆ. ಹೇಳಿದವರು ಬರಲಿ ಎಂದು ಕಾಯುವುದಿಲ್ಲ, ಕೇಳಿದವರು ಹೋಗುವುದೂ ಇಲ್ಲ. ಅದು ಮಾತಿಗೆ ಹಾಕುವ ಗಂಟು. ಹೇಳಿದ್ದು ನನಗೆ ಗೊತ್ತೂ ಆಗಿರಲಿಲ್ಲ. ಗೊತ್ತಾದದ್ದು ಮಗಳು ಕಿರುಚಿದಾಗ.

"ಅಮ್ಮಾ! ಓ ಮೈ ಗಾಡ್!" ಆಮೇಲೆ ಎಲ್ಲರ ಕಡೆ ತಿರುಗಿ ಶುದ್ಧ ಇಂಗ್ಲಿಷಿನಲ್ಲಿ ಹೇಳಿದಳು, "ನಮ್ಮಮ್ಮ ಈಗಷ್ಟೇ ಅದನ್ನು ನಮ್ಮ ಮನೆಗೆ ಕರೆದಳು. ಫೆಲ್ಥಮ್‌ಗೆ."

ಹನ್ನೊಂದು ಜನ ಒಟ್ಟಿಗೆ ನಕ್ಕರು. ಉಂಗುರದವನು ಚಪ್ಪಾಳೆಯನ್ನೇ ತಟ್ಟಿದ. ನಮ್ಮ ಯಜಮಾನರು ಸುಮ್ಮನಿರಬಾರದೇ?

"ಬರ್ಲಿ ಬಿಡು. ವಾಟರ್ಲೂದಾಗ ಗಾಡಿ ಬದ್ಲಿ ಮಾಡೂದು ತಿಳೀಬೇಕಲ್ಲ ಅದಕ್ಕ" ಎಂದರು. ಮಗಳು ಅದನ್ನೂ ಅನುವಾದಿಸಿದಳು. ನಗು ಗುಡ್ಡದ ಕೆಳಗಿನ ತನಕ ಕೇಳಿರಬೇಕು.

ನಗದವರು ಒಬ್ಬರೇ. ಅಕ್ಕೋರು ಕಾಗದದ ಮೇಲೆ ಏನೋ ಬರೆದರು. ಉದ್ದವಾಗಿ ಬರೆದರು. ತಮಾಷೆ ಕೂಡದು ಎಂದದ್ದು ನೆನಪಾಯಿತು. ಯುಗಾದಿಯ ಪಂಕ್ತಿಯ ಎಂಟು ಮುಖಗಳೂ ನೆನಪಾದವು. ಉಳಿದ ಗೋರಿಗಳ ಹತ್ತಿರ ಏನು ಹೇಳಿದೆನೋ ನನಗೆ ಇಂದಿಗೂ ತಿಳಿಯದು. ಕಾಲು ಹಿಂದಕ್ಕೆ ನಡೆಯುತ್ತಿತ್ತು, ಬಾಯಿ ನಡೆಯುತ್ತಿತ್ತು, ಅಷ್ಟೆ.

ಜನ ಹೋದಮೇಲೆ ಅಕ್ಕೋರು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರಿಸಿಕೊಂಡರು. ಯಜಮಾನರು, ಮಗಳು ದೂರದಲ್ಲಿ ನಿಂತರು.

"ನೀವು ಹೇಳಿದ್ದು ಏನು?" ಎಂದು ಕೇಳಿದರು.

ಮಗಳು ಹೇಳಿದ್ದೇ ನಿಜ ಎಂದೆ. ತಪ್ಪಾಯಿತು, ಅದು ನಾಟಕವಲ್ಲ, ನಮ್ಮ ಊರಿನ ರೂಢಿ. ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತಾರೆ. ಜೊತೆಗೆ, ಮನೆಗೆ ಬನ್ನಿ ಎಂದು ಕರೆಯುತ್ತಾರೆ.

"ಸ್ಮಶಾನದಲ್ಲೂ?"

ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಅವರು ಮಾಸ್ತರಿಕೆ ಮಾಡಿದವರು, ಕಣ್ಣಿನಲ್ಲೇ ಹಿಡಿಯುತ್ತಿದ್ದರು.

"ಇಲ್ಲ. ಸ್ಮಶಾನದಲ್ಲಿ ಮಾತ್ರ ಹೇಳಬಾರದು. ಸತ್ತವರ ಮನೆಯಿಂದಲೂ ಹೇಳದೆ ಎದ್ದು ಬರಬೇಕು. ತಿರುಗಿ ನೋಡಲೂಬಾರದು. ನಿಮ್ಮ ನಿಯಮ ಮುರಿದೆ, ನಮ್ಮ ಅಜ್ಜಿಯ ನಿಯಮವನ್ನೂ ಮುರಿದೆ."

"ಮತ್ತೆ ಯಾಕೆ ಹೇಳಿದಿರಿ?"

ಇದನ್ನು ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ. ಹೇಳುತ್ತ ಹೇಳುತ್ತ ತಿಳಿಯಿತು.

"ಮೂರು ಚಳಿಗಾಲ ಅವರ ಬಾಗಿಲು ಗುಡಿಸಿದ್ದೇನೆ. ಪ್ರತಿ ಮಂಗಳವಾರ ಹೀಗೇ ಹೇಳಿ ಎದ್ದು ಬಂದಿದ್ದೇನೆ. ಅವರು ಸತ್ತವರು ಎನ್ನುವುದೇ ನನಗೆ ಮರೆತುಹೋಗಿದೆ. ನೆರೆಯವರ ಹಾಗೆ ಆಗಿದ್ದಾರೆ" ಎಂದೆ. ಅಲ್ಲಿಗೆ ನಿಲ್ಲಿಸಬೇಕಿತ್ತು, ಆದರೆ ಇನ್ನೂ ಒಂದು ಮಾತು ಬಂತು. "ಈ ದೇಶಕ್ಕೆ ಬಂದು ಇಪ್ಪತ್ತಾರು ವರ್ಷ. ಅಷ್ಟೂ ವರ್ಷ ನಾನು ಬಂದವಳು. ಎಲ್ಲಿಂದ ಬಂದಿರಿ, ಯಾವಾಗ ಬಂದಿರಿ ಎಂದು ಕೇಳಿಸಿಕೊಂಡವಳು. ಈ ಊರಿನ ಹಳೆಯ ಮನುಷ್ಯನೊಬ್ಬನಿಗೆ ನಮ್ಮ ಮನೆಗೆ ಬಾ ಎಂದು ಕರೆಯುವಷ್ಟು ನನ್ನದೂ ಒಂದು ಮನೆ ಇಲ್ಲಿ ಆಗಿದೆ ಅಂತ ನನಗೇ ಗೊತ್ತಿರಲಿಲ್ಲ."

ಅಕ್ಕೋರು ಪೆನ್ನಿಗೆ ಮುಚ್ಚಳ ಹಾಕಿ ಗುಡ್ಡದ ಕಡೆ ತಿರುಗಿದರು.

"ಆ ಮರುದಿನ ಆ ಮನೆಯವರನ್ನು ನಾನು ಕೈಯಾರೆ ಒಳಗೆ ಇಟ್ಟೆ. ಎರಡು ಪುಟ್ಟ ಪೆಟ್ಟಿಗೆಗಳನ್ನೂ. ಏನು ಹೇಳಬೇಕೆಂದು ತಿಳಿಯದೆ ಸುಮ್ಮನೆ ಬಂದೆ. ಈ ಐವತ್ತು ಚಿಲ್ಲರೆ ವರ್ಷಗಳಲ್ಲಿ ಯಾರೂ ಅವರನ್ನು ಎಲ್ಲಿಗೂ ಕರೆದದ್ದಿಲ್ಲ" ಎಂದರು.

ಆಮೇಲೆ ಮತ್ತೆ ಟೀಚರಾದರು. ಏಳು ನಿಮಿಷ ತಡವಾಗಿ ಮುಗಿಸಿದಿರಿ, ಕೊನೆಯ ಮೂರು ಗೋರಿಗಳಲ್ಲಿ ತಾರೀಕು ಅದಲುಬದಲು ಮಾಡಿದಿರಿ, ನಿಮ್ಮ ಪತಿಯನ್ನು ಇನ್ನು ಮುಂದೆ ಗುಂಪಿನಲ್ಲಿ ಕರೆತರಬೇಡಿ. ಒಂದೊಂದನ್ನೂ ಓದಿ ಹೇಳಿ, ಕೊನೆಗೆ ಜೇಬಿನಿಂದ ಹಸಿರು ಬ್ಯಾಡ್ಜ್ ತೆಗೆದರು. ಅದರ ಮೇಲೆ ಗೈಡ್ ಎಂದು ಬರೆದಿತ್ತು, ಕೆಳಗೆ ನನ್ನ ಹೆಸರು, ಒಂದು ಅಕ್ಷರವೂ ತಪ್ಪಿಲ್ಲದೆ. ಹೆಸರು ಮೊದಲೇ ಅಚ್ಚು ಹಾಕಿಸಿದ್ದರು ಎನ್ನುವುದು ನನಗೆ ರೈಲಿನಲ್ಲಿ ಹೊಳೆಯಿತು.

"ಒಂದು ಷರತ್ತು. ಆ ಮಾತನ್ನು ಹೇಳಿ, ಪ್ರತಿ ಸಲವೂ ಹೇಳಿ. ಆದರೆ ಕನ್ನಡದಲ್ಲೇ ಹೇಳಿ. ಅನುವಾದ ಬೇಡ. ಇಲ್ಲದಿದ್ದರೆ ಪಿಶಾಚಿ ಫೆಲ್ಥಮ್‌ಗೆ ಹೊರಟಿತು ಎಂದು ನಾಳೆ ಪತ್ರಿಕೆಯಲ್ಲಿ ಬರುತ್ತದೆ, ನಾಡಿದ್ದು ನಿಮ್ಮ ಮನೆಯ ಗೋಡೆ ಹಾರುತ್ತಾರೆ."

ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾಟರ್ಲೂದಿಂದ ಫೆಲ್ಥಮ್ ತನಕ ಕೋಟಿನ ಮೇಲೆ ಬ್ಯಾಡ್ಜ್ ಹಾಕಿಕೊಂಡೇ ಕುಳಿತಿದ್ದೆ. ಎದುರಿಗೆ ಕುಳಿತವರು ಓದಲಿ ಎಂದು ಬೆನ್ನು ನೆಟ್ಟಗೆ ಮಾಡಿಕೊಂಡಿದ್ದೆ. ಯಜಮಾನರು ಇಲ್ಫರ್ಡ್‌ನವರಿಗೂ ಕ್ರೋಯ್ಡನ್‌ನವರಿಗೂ ಫೋನ್ ಮಾಡಿ, ಭಾನುವಾರ ಹೊತ್ತಿಗೆ ಸರಿಯಾಗಿ ಬರ್ರಿ, ನಮ್ಮಾಕಿ ತಡಾ ಆದ್ರ ಕೇಳೂದಿಲ್ಲ ಎಂದು ತಾವೇ ಪಾಸಾದವರಂತೆ ಹೇಳುತ್ತಿದ್ದರು. ನಾನು ಪಾಸಾಗುವ ಮೊದಲೇ ಕೊಚ್ಚಿಕೊಂಡದ್ದು ಎಂದು ಅವರ್‍ಯಾರಿಗೂ ಇಂದಿಗೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾದೀತು. ಆಗಲಿ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಮೆಟ್ಟಿಲ ಮೇಲೆ ನಿಂತು ಮೂವರೂ ಕಾಲಿಗೆ ನೀರು ಹಾಕಿಕೊಂಡೆವು. ನಾನು, ಯಜಮಾನರು ಒಳಗೆ ಹೋದೆವು. ಮಗಳು ಬಾಗಿಲು ಹಾಕಲಿಲ್ಲ. ಹಿಡಿಕೆ ಹಿಡಿದು, ತಿರುಗಿ ನೋಡಬಾರದು ಎಂದು ಕೇಳಿ ಬೆಳೆದವಳು ತಿರುಗಿ ಬೀದಿಯನ್ನೇ ನೋಡುತ್ತಿದ್ದಳು.

"ಚಳಿ ಬರ್ತದ, ಬಾಗಲಾ ಹಾಕವಾ" ಎಂದೆ.

"ತಡಿ ಅಮ್ಮಾ" ಎಂದಳು. "ಹಿಂದ ಯಾರರ ಬರಾಕತ್ತಾರೇನು, ನೋಡ್ತೀನಿ."

ಧಾರವಾಡದ ಕನ್ನಡ. ಅವಳ ಬಾಯಿಂದ. ಯಜಮಾನರು ಬಿಚ್ಚುತ್ತಿದ್ದ ಕೋಟನ್ನು ಅರ್ಧಕ್ಕೇ ಬಿಟ್ಟು ನಿಂತರು. ನಾನು ಏನೂ ಆಗದವಳಂತೆ ಅಡುಗೆಮನೆಗೆ ಹೋಗಿ ಚಹಾಕ್ಕೆ ನೀರಿಟ್ಟೆ, ಒಂದು ಲೋಟ ಹೆಚ್ಚಿಗೆ.

"ಬಂದ್ರ ಬರ್ಲಿ" ಎಂದೆ ಅಲ್ಲಿಂದಲೇ. "ನಾನಽ ಕರದೇನಿ."